ಹಕ್ಕಿಯ ಪಕ್ಕದಲ್ಲಿ ಅಧಿಕಾರಿ ನಿಲ್ಲತಕ್ಕದ್ದು ಎಂಬ ನಿಯಮಕ್ಕೆ ತಿದ್ದುಪಡಿ

ಕಡಲತೀರ ಪಕ್ಷಿ ಶಾಖೆ
ಸುತ್ತೋಲೆ

ಸಂಖ್ಯೆ: ಕತೀಪಶಾ/ಛಾಯಾಚಿತ್ರ/ನಿಂತದ್ದು-ಮಲಗಿದ್ದು/೪

ವಿಷಯ: ತೀರದ ಹಕ್ಕಿ ಮತ್ತಿತರ ಜೀವಿಗಳನ್ನು ಅವು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಛಾಯಾಚಿತ್ರ ತೆಗೆಯುವಾಗ ಜವಾಬ್ದಾರಿ ಹೊತ್ತ ಅಧಿಕಾರಿಯ ದೇಹವು ಎಲ್ಲಿರಬೇಕು, ಹೇಗಿರಬೇಕು ಎಂಬ ಬಗ್ಗೆ.

ಉಲ್ಲೇಖ:
(ಅ) ಇದೇ ವಿಷಯದ ಬಗ್ಗೆ ಇದೇ ಶಾಖೆಯ ಹಿಂದಿನ ಸುತ್ತೋಲೆ.
(ಆ) ಪ್ರಧಾನ ಕಚೇರಿಯ ಪತ್ರ ಮತ್ತು ಅದರ ಬೆನ್ನಿಗೇ ಬಂದ ನೆನಪೋಲೆಗಳು.
(ಇ) ಅಧೀಕ್ಷಕರ ಪತ್ನಿಯವರ ಮೌಖಿಕ ಟಿಪ್ಪಣಿ, ಊಟದ ಹೊತ್ತಿನದು.

ಪ್ರಸ್ತಾವನೆ:

ಈ ಶಾಖೆಯ ಅಧೀಕ್ಷಕರು ಇಲ್ಲಿಗೆ ಬರುವ ಮೊದಲು ಚರಂಡಿ ವಿಭಾಗದಲ್ಲಿದ್ದರೆಂಬುದು ಎಲ್ಲರಿಗೂ ತಿಳಿದ ವಿಷಯ. ತಿಳಿಯದವರಿಗೆ ಶಾಖೆಯ ಚಾಲಕರು ಈಗಾಗಲೇ ತಿಳಿಸಿರುತ್ತಾರೆ. ಚರಂಡಿ ವಿಭಾಗದಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಕಾಮಗಾರಿಯ ಫೋಟೋದಲ್ಲಿ ಜವಾಬ್ದಾರಿ ಹೊತ್ತ ಅಧಿಕಾರಿ ಖುದ್ದಾಗಿ ನಿಂತು, ಬಲಗೈ ತೋರುಬೆರಳಿನಿಂದ ಚರಂಡಿಯನ್ನು ತೋರಿಸತಕ್ಕದ್ದು. ಇಲ್ಲವಾದರೆ ಒಂದೇ ಚರಂಡಿಯ ಫೋಟೋ ಇಟ್ಟುಕೊಂಡು ಊರೆಲ್ಲ ಚರಂಡಿ ಕಟ್ಟಿದೆವೆಂದು ಹೇಳುವ ಮಹಾನುಭಾವರಿದ್ದರು. ಅಧೀಕ್ಷಕರು ಆ ಪದ್ಧತಿಯನ್ನು ಬಹು ಶ್ರದ್ಧೆಯಿಂದ ಹಕ್ಕಿಗಳಿಗೂ ಅನ್ವಯಿಸಿದರು. ಚರಂಡಿಗೆ ರೆಕ್ಕೆ ಇರುವುದಿಲ್ಲ ಎಂಬ ಅಂಶ ಆಗ ಯಾರ ಗಮನಕ್ಕೂ ಬರಲಿಲ್ಲ.

ಇದರ ಫಲವಾಗಿ ತಯಾರಾದ ವಾರ್ಷಿಕ ಆಲ್ಬಮ್ಮಿನಲ್ಲಿ ಅಧೀಕ್ಷಕರು ಎಳೆಬಿಸಿಲಿನಲ್ಲಿ ಖಾಲಿ ಮರಳನ್ನು ತೋರಿಸುತ್ತಿರುವುದು, ಸಂಜೆಯ ಬೆಳಕಿನಲ್ಲಿ ಖಾಲಿ ಬಂಡೆಯನ್ನು ತೋರಿಸುತ್ತಿರುವುದು ಮತ್ತು ಕೊಡೆ ಹಿಡಿದುಕೊಂಡು ಖಾಲಿ ಆಕಾಶವನ್ನು ತೋರಿಸುತ್ತಿರುವುದು ಬಲು ಸ್ಪಷ್ಟವಾಗಿ ಮೂಡಿಬಂದಿವೆ. ಒಂದು ಚಿತ್ರದ ಮೂಲೆಯಲ್ಲಿ ರೆಕ್ಕೆಯ ತುದಿ ಕಂಡಂತಾಗಿ ಶಾಖೆಯಲ್ಲಿ ಸಂಭ್ರಮ ಉಂಟಾಯಿತಾದರೂ, ದೊಡ್ಡದು ಮಾಡಿ ನೋಡಲಾಗಿ ಅದು ಅಧೀಕ್ಷಕರ ಕರವಸ್ತ್ರವೆಂದು ತಿಳಿದುಬಂತು. ಆಲ್ಬಮ್ಮನ್ನು ಮನೆಯಲ್ಲಿ ನೋಡಿದ ಅಧೀಕ್ಷಕರ ಪತ್ನಿಯವರು, "ರೀ, ನಮ್ಮ ಮದುವೆ ಆಲ್ಬಮ್ಮಲ್ಲೂ ನೀವು ಇಷ್ಟು ಫೋಟೋದಲ್ಲಿ ಇರ್ಲಿಲ್ಲ. ಆ ಮುಖ ಹೊತ್ಕೊಂಡು ಹತ್ರ ಹೋದ್ರೆ ಹಕ್ಕಿ ಹಾರದೆ ಏನ್ ಮಾಡುತ್ತೆ ಪಾಪ" ಎಂದು ಅಭಿಪ್ರಾಯಪಟ್ಟಿರುತ್ತಾರೆ. ಸದರಿ ಅಭಿಪ್ರಾಯವನ್ನು ಆಗ ಕಡತಕ್ಕೆ ಸೇರಿಸಿರಲಿಲ್ಲ. ಈಗ ಸೇರಿಸಲಾಗಿದೆ.

ಆಲ್ಬಮ್ಮನ್ನು ಪರಿಶೀಲಿಸಿದ ಪ್ರಧಾನ ಕಚೇರಿಯು ಉಲ್ಲೇಖ (ಆ)ರಲ್ಲಿ, "ಸದರಿ ತೀರದಲ್ಲಿ ಅಧೀಕ್ಷಕರು ಹೇರಳವಾಗಿ ಕಂಡುಬರುತ್ತಾರೆ; ಹಕ್ಕಿಗಳು ಕಂಡುಬಂದಿರುವುದಿಲ್ಲ" ಎಂದು ಷರಾ ಬರೆದಿದೆ. ಹಕ್ಕಿಯಿಲ್ಲದ ತೀರಕ್ಕೆ ರಕ್ಷಣೆ ಅನವಶ್ಯಕವಾದ್ದರಿಂದ, ಅಲ್ಲಿನ ಕೆಸರುಬಯಲಿಗೆ ಮಣ್ಣು ತುಂಬಿಸಿ, ಸಿಮೆಂಟು ಹಾಸಿ, ವಾಹನ ನಿಲುಗಡೆಯ ಜಾಗ ಮಾಡಲು ತೀರ್ಮಾನಿಸಿರುವುದಾಗಿಯೂ, ತಿಂಗಳ ಕೊನೆಯೊಳಗೆ ತೀರದ ಹಕ್ಕಿ ಮತ್ತು ಜವಾಬ್ದಾರಿ ಹೊತ್ತ ಅಧಿಕಾರಿ ಒಟ್ಟಿಗೆ ಇರುವ ಒಂದೇ ಒಂದು ಫೋಟೋ ಬಂದರೂ ತೀರ್ಮಾನವನ್ನು ಕೈಬಿಡುವುದಾಗಿಯೂ ಅದರಲ್ಲಿ ತಿಳಿಸಿದೆ.

ಶಾಖೆಯ ಛಾಯಾಗ್ರಾಹಕಿಯವರು ಹೊಟ್ಟೆಯ ಮೇಲೆ ತೆವಳಿ, ಕೆಸರು ಕುಡಿದು, ಗೊರವ ಹಕ್ಕಿಗಳ ಅತ್ಯುತ್ತಮ ಚಿತ್ರಗಳನ್ನು ತೆಗೆದಿದ್ದರು. ಗೊರವವೆಂದರೆ ಮರಳಿನದೇ ಬಣ್ಣದ, ಕಡ್ಡಿಕಾಲಿನ, ಎರಡು ಹೆಜ್ಜೆ ಓಡಿ ಏನೋ ಮರೆತವರಂತೆ ಗಕ್ಕನೆ ನಿಲ್ಲುವ ಪುಟ್ಟ ಹಕ್ಕಿ. ಆ ಚಿತ್ರಗಳಲ್ಲಿ ಅಧಿಕಾರಿ ಇಲ್ಲದ ಕಾರಣ, ಅವು ಇದೇ ತೀರದ ಹಕ್ಕಿಗಳೆನ್ನಲು ಪುರಾವೆ ಏನೆಂದು ಕೇಳಿ ಪ್ರಧಾನ ಕಚೇರಿಯು ಎಲ್ಲವನ್ನೂ ವಾಪಸು ಕಳಿಸಿತು. ಛಾಯಾಗ್ರಾಹಕಿಯವರು ಅಧೀಕ್ಷಕರ ಕೊಠಡಿಗೆ ಬಂದು, "ಸಾರ್, ಹಕ್ಕಿ ಬೇಕು ಅಂದ್ರೆ ನೀವು ಇರಬಾರ್ದು, ನೀವು ಬೇಕು ಅಂದ್ರೆ ಹಕ್ಕಿ ಇರಲ್ಲ. ಈ ರೂಲು ಮಾಡಿದ್ ಪುಣ್ಯಾತ್ಮ ಯಾರು ಸಾರ್?" ಎಂದು ಕೇಳಿದರು. ಅಧೀಕ್ಷಕರು ಕಡತವೊಂದನ್ನು ತೆರೆದು ಓದತೊಡಗಿದರು. ಬಾಗಿಲ ಬಳಿ ನಿಂತಿದ್ದ ಚಾಲಕರು ಉತ್ತರಿಸಿದರು.

ಆ ಮೇರೆಗೆ ಅಧಿಕಾರಿ ಮತ್ತು ಹಕ್ಕಿಯನ್ನು ಒಂದೇ ಚೌಕಟ್ಟಿನೊಳಗೆ ತರಲು ನಡೆಸಿದ ಪ್ರಯತ್ನಗಳ ಅನುಭವದಿಂದ ಈ ಕೆಳಗಿನ ನಿಯಮಗಳನ್ನು ರೂಪಿಸಿ, ಶಾಖೆಯ ಸಿಬ್ಬಂದಿಗೂ ಕ್ಯಾಮೆರಾ ಹೊತ್ತು ಬರುವ ಸಾರ್ವಜನಿಕರಿಗೂ ಈ ಮೂಲಕ ಸೂಚಿಸಲಾಗಿದೆ.

೧. ಉಡುಪು: ಅಧಿಕಾರಿಯು ಮರಳಿನ ಬಣ್ಣದ ಬಟ್ಟೆ ಧರಿಸತಕ್ಕದ್ದು. ಅಂಗಡಿಯಲ್ಲಿ ಮರಳಿನ ಬಣ್ಣವೆಂದು ಕೊಟ್ಟದ್ದು ತೀರದಲ್ಲಿ ಅರಿಶಿನದಂತೆ ಕಂಡಲ್ಲಿ ಅದಕ್ಕೆ ಅಂಗಡಿಯವರು ಹೊಣೆಯಲ್ಲ. ಚಾಲಕರು ಅದನ್ನು ನೋಡಿ "ಸಾಹೇಬ್ರು ಮದುವೆ ಗಂಡಿನ್ ಥರ ಕಾಣ್ತಾರೆ" ಎಂದು ಛಾಯಾಗ್ರಾಹಕಿಯವರಿಗೆ ಹೇಳಿದ್ದನ್ನು ಅಧೀಕ್ಷಕರು ಕೇಳಿಸಿಕೊಂಡಿಲ್ಲವೆಂದು ಭಾವಿಸತಕ್ಕದ್ದು.

೨. ಸಮೀಪಿಸುವ ವಿಧಾನ: ಹಕ್ಕಿಯ ಕಡೆಗೆ ನೇರವಾಗಿ ನಡೆಯಕೂಡದು. ಬೇರೆ ಯಾವುದೋ ಕೆಲಸಕ್ಕೆ ಬಂದವರಂತೆ, ಅತ್ತಿತ್ತ ನೋಡುತ್ತ, ಓರೆಯಾಗಿ ನಡೆಯತಕ್ಕದ್ದು. ಸರ್ಕಾರಿ ಕಚೇರಿಗಳಲ್ಲಿ ಈ ನಡಿಗೆಯ ಅಭ್ಯಾಸ ಮೊದಲಿನಿಂದಲೂ ಇರುವುದರಿಂದ ಪ್ರತ್ಯೇಕ ತರಬೇತಿಯ ಅಗತ್ಯ ಕಂಡುಬರುವುದಿಲ್ಲ.

೩. ಪ್ರತಿಕೃತಿ: ಅಧಿಕಾರಿಯ ಬದಲಿಗೆ ಅಧಿಕಾರಿಯ ಅಳತೆಯ ರಟ್ಟಿನ ಚಿತ್ರವನ್ನು ನೆಡುವುದನ್ನು ನಿಷೇಧಿಸಲಾಗಿದೆ. ಚಾಲಕರ ಸಲಹೆಯಂತೆ ಹೀಗೊಮ್ಮೆ ನೆಟ್ಟಾಗ ಕಡಲಕ್ಕಿಯೊಂದು ಬಂದು ರಟ್ಟಿನ ಅಧೀಕ್ಷಕರ ತಲೆಯ ಮೇಲೆ ಕೂತಿದ್ದು ನಿಜ. ಫೋಟೋ ತೆಗೆಯುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿತ್ತು. ಮುಖ ಗುರುತಿಸಲಾಗದಷ್ಟು ಬಿಳುಪಾಗಿರುವುದರಿಂದ ಇವರೇ ಅಧೀಕ್ಷಕರೆಂದು ದೃಢಪಡುವುದಿಲ್ಲವೆಂದು ಪ್ರಧಾನ ಕಚೇರಿ ತಿಳಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

೪. ತಿಂಡಿ ಹಾಕುವುದು: ಹಕ್ಕಿಗಳನ್ನು ಸೆಳೆಯಲು ಬಿಸ್ಕತ್ತು, ಬನ್ನು, ಡಬ್ಬಿಯಲ್ಲಿ ಉಳಿದ ಪಲ್ಯ ಇತ್ಯಾದಿ ಚೆಲ್ಲಕೂಡದು. ಚಾಲಕರು ಚೆಲ್ಲಿದಾಗ ಸುತ್ತಮುತ್ತಲಿನ ಕಾಗೆಗಳೆಲ್ಲ ಬಂಧುಬಳಗ ಸಮೇತ ಬಂದವು. ಕಾಗೆಗಳು ಅಧೀಕ್ಷಕರ ಪಕ್ಕದಲ್ಲಿ ನಿಲ್ಲಲು ಯಾವುದೇ ಆಕ್ಷೇಪಣೆ ಸಲ್ಲಿಸಲಿಲ್ಲ. ಆದರೆ ಕಾಗೆ ತೀರದ ಹಕ್ಕಿಯ ಲೆಕ್ಕಕ್ಕೆ ಬರುವುದಿಲ್ಲ, ಮೇಲಾಗಿ ಕಾಗೆ ಬಂದ ಕಡೆ ಗೊರವದ ಮೊಟ್ಟೆ ಉಳಿಯುವುದಿಲ್ಲವೆಂದು ಛಾಯಾಗ್ರಾಹಕಿಯವರು ಅಲ್ಲೇ ಕೂಗಾಡಿದ ಮೇಲೆ, ಅಧೀಕ್ಷಕರೂ ಚಾಲಕರೂ ಸಂಜೆಯವರೆಗೆ ಕೊಡೆ ಬೀಸಿ ಕಾಗೆ ಓಡಿಸಿದರು. ಆ ದಿನದ ಓಡಾಟವನ್ನು ಕ್ಷೇತ್ರಕಾರ್ಯವೆಂದು ಪರಿಗಣಿಸಲಾಗಿದೆ.

೫. ಹಾರಿಸಿ ತೆಗೆಯುವುದು: ರೆಕ್ಕೆ ಬಿಚ್ಚಿದ ಚಿತ್ರ ಬೇಕೆಂದು ಕೂತ ಹಕ್ಕಿಯತ್ತ ಚಪ್ಪಾಳೆ ತಟ್ಟುವ, ಕಲ್ಲೆಸೆಯುವ, ಓಡುವ ಸಾರ್ವಜನಿಕರು ಮೊದಲು ತಮ್ಮ ಮನೆಯಲ್ಲಿ ಊಟಕ್ಕೆ ಕೂತ ಅತ್ತೆ ಮಾವಂದಿರ ಮೇಲೆ ಅದನ್ನೇ ಪ್ರಯೋಗಿಸಿ, ಫಲಿತಾಂಶವನ್ನು ಲಿಖಿತವಾಗಿ ಸಲ್ಲಿಸಿದ ನಂತರವೇ ಅನುಮತಿ ಕೋರತಕ್ಕದ್ದು.

೬. ಇತರೆ ಜೀವಿಗಳು: ಏಡಿಯು ಅಧಿಕಾರಿಯ ಜೊತೆ ನಿಲ್ಲಲು ತಯಾರಿದ್ದರೂ ಅದನ್ನು ಹಕ್ಕಿಯ ಬದಲಿಗೆ ಪರಿಗಣಿಸಲು ಬರುವುದಿಲ್ಲ. ನೀರುನಾಯಿ ಕಂಡಲ್ಲಿ ಮೊದಲು ಫೋಟೋ ತೆಗೆದು ಆಮೇಲೆ "ಅಯ್ಯೋ ನೀರುನಾಯಿ!" ಎಂದು ಕೂಗತಕ್ಕದ್ದು. ಈ ಶಾಖೆಯಲ್ಲಿ ಇದುವರೆಗೆ ಈ ಕ್ರಮ ಹಿಂದುಮುಂದಾಗಿದೆ.

೭. ಸುಳ್ಳು ವೈದ್ಯಕೀಯ ಕಾರಣ ನೀಡುವ ಹಕ್ಕಿಗಳು: ಮರಿಯಿರುವ ಗೊರವವು ಯಾರಾದರೂ ಹತ್ತಿರ ಬಂದರೆ ರೆಕ್ಕೆ ಮುರಿದವರಂತೆ ನೆಲಕ್ಕೆ ಬಿದ್ದು, ಕುಂಟುತ್ತ ಬಂದವರನ್ನು ದೂರ ದೂರ ಸೆಳೆದೊಯ್ಯುತ್ತದೆ. ಅಧೀಕ್ಷಕರು ಅದನ್ನು ನಿಜವೆಂದೇ ನಂಬಿ, ಪಶುವೈದ್ಯರಿಗೆ ಫೋನು ಮಾಡಿ, ಟವೆಲ್ಲು ಹಿಡಿದು ಅದರ ಹಿಂದೆ ತೀರದ ಕೊನೆಯ ತನಕ ಹೋದರು. ಅಲ್ಲಿ ತಲುಪಿದ ಕೂಡಲೇ ಹಕ್ಕಿಯು ಪೂರ್ಣ ಆರೋಗ್ಯದಿಂದ ಹಾರಿಹೋಯಿತು. ಏದುಸಿರು ಬಿಡುತ್ತಿದ್ದ ಅಧೀಕ್ಷಕರ ಬಳಿಗೆ ಬಂದ ಛಾಯಾಗ್ರಾಹಕಿಯವರು, "ಅದು ನಾಟಕ ಸಾರ್. ಮರಿ ಅಲ್ಲೆಲ್ಲೋ ಇದೆ. ಅದಕ್ಕೆ ನಿಮ್ಮನ್ನ ಇಲ್ಲೀತನಕ ಕರ್ಕೊಂಡ್ ಬಂದಿದೆ" ಎಂದರು. ಸಿಟ್ಟು ಬರಬೇಕಾಗಿದ್ದ ಅಧೀಕ್ಷಕರಿಗೆ ಸಿಟ್ಟು ಬರಲಿಲ್ಲ. ಅಷ್ಟು ದೂರದ ಮರಳನ್ನು ನೋಡುತ್ತ, ಎಲ್ಲೋ ಒಂದು ಕಡೆ ಮುಷ್ಟಿಗಿಂತ ಚಿಕ್ಕ ಜೀವವೊಂದು ಉಸಿರು ಬಿಗಿಹಿಡಿದು ಕೂತಿದೆಯೆಂದು ಯೋಚಿಸಿ, ಟವೆಲ್ಲನ್ನು ಮಡಚಿ ಬಗಲಲ್ಲಿಟ್ಟುಕೊಂಡು, ಒಂದೊಂದು ಹೆಜ್ಜೆಗೂ ನೆಲ ನೋಡುತ್ತ ಅವರು ವಾಪಸು ಬಂದರು. ಅಂದಿನಿಂದ ಅವರಿಗೆ ಆ ತೀರವನ್ನು ವಾಹನ ನಿಲುಗಡೆಗೆ ಬಿಟ್ಟುಕೊಡಲು ಮನಸ್ಸಿಲ್ಲವಾಯಿತು. ಈ ಬಗೆಯ ಹಕ್ಕಿಗಳ ಮೇಲೆ ಯಾವುದೇ ಶಿಸ್ತುಕ್ರಮ ಜರುಗಿಸಲು ಅವಕಾಶವಿರುವುದಿಲ್ಲ.

೮. ದಿನಾಂಕ ಮುಗಿಯುತ್ತ ಬಂದಾಗ ನಡೆದ ಘಟನೆ: ತಿಂಗಳ ಕೊನೆ ಹತ್ತಿರವಾದರೂ ಫೋಟೋ ಆಗಿರಲಿಲ್ಲ. ಮಣ್ಣು ತುಂಬಿದ ಲಾರಿಗಳು ತೀರದ ರಸ್ತೆಯಲ್ಲಿ ಸಾಲಾಗಿ ಬಂದು ನಿಂತಿದ್ದವು. ಅವುಗಳನ್ನು ನೋಡಿ ಗಾಬರಿಯಾದ ಅಧೀಕ್ಷಕರು, ಇಳಿತದ ಹೊತ್ತಿನಲ್ಲಿ ಕಲಂ ೨ರ ಪ್ರಕಾರ ಓರೆಯಾಗಿ ನಡೆಯುತ್ತಿದ್ದಾಗ ಪಾಚಿಯ ಮೇಲೆ ಕಾಲಿಟ್ಟು ಜಾರಿಬಿದ್ದರು. ಬಿದ್ದದ್ದು ಕೆಸರುಮರಳಿಗೆ, ಮೈಗೆ ಗಾಯವಾಗಲಿಲ್ಲ. ಆದರೆ ಸೊಂಟ ಹಿಡಿದುಕೊಂಡಿತು. ಒಂದು ಮಗ್ಗುಲಿಗೆ ಬಿದ್ದವರು ಅದೇ ಮಗ್ಗುಲಲ್ಲಿ ಉಳಿದರು. ಅತ್ತ ಹೊರಳುವಂತಿಲ್ಲ, ಇತ್ತ ಏಳುವಂತಿಲ್ಲ.

ದಡದಲ್ಲಿದ್ದ ಚಾಲಕರು "ಸಾಹೇಬ್ರು ಬಿದ್ರು!" ಎಂದು ಓಡಿಬರಲು ಸಿದ್ಧರಾದರು. ಅಷ್ಟರಲ್ಲಿ ದೂರದಲ್ಲಿ ಕೆಸರುಬಣ್ಣದ ಬಟ್ಟೆ ಹೊದ್ದು ಮಲಗಿದ್ದ ಛಾಯಾಗ್ರಾಹಕಿಯವರು ಒಂದು ಕೈ ಎತ್ತಿ ಅವರನ್ನು ತಡೆದರು. ಅಧೀಕ್ಷಕರು ನಿಂತಿದ್ದಾಗ ಹತ್ತಿರ ಸುಳಿಯದಿದ್ದ ಗೊರವಗಳು, ಬಿದ್ದುಕೊಂಡ ಅಧೀಕ್ಷಕರನ್ನು ಮರಳಿನ ದಿಬ್ಬವೆಂದು ತಿಳಿದವೋ ಏನೋ, ಎರಡು ಹೆಜ್ಜೆ ಓಡಿ, ನಿಂತು, ಮತ್ತೆ ಓಡಿ, ನಿಂತು, ಅವರ ಬೂಟಿನ ತನಕ ಬಂದಿದ್ದವು.

ಅವುಗಳ ಹಿಂದೆ ಮರಿಯೊಂದಿತ್ತು. ಹತ್ತಿಯುಂಡೆಗೆ ಎರಡು ಕಡ್ಡಿ ಚುಚ್ಚಿದಂತಿತ್ತು. ಬಿಸಿಲು ಏರಿತ್ತು, ತೀರದಲ್ಲಿ ಮರವಿಲ್ಲ, ನೆರಳೆಂದು ಇದ್ದದ್ದು ಒಂದೇ. ಮರಿಯು ಅಧೀಕ್ಷಕರ ಹೊಟ್ಟೆಯ ನೆರಳಿಗೆ ಬಂದು, ಮರಳು ಕೆದಕಿ, ಕೂತುಕೊಂಡಿತು. ಸದರಿ ಹೊಟ್ಟೆಯ ಬಗ್ಗೆ ವೈದ್ಯರಿಂದಲೂ ಪತ್ನಿಯವರಿಂದಲೂ ವರ್ಷಗಟ್ಟಲೆ ಬಂದ ಆಕ್ಷೇಪಣೆಗಳು ಆ ಕ್ಷಣಕ್ಕೆ ಇತ್ಯರ್ಥವಾದವೆಂದು ಅಧೀಕ್ಷಕರು ಭಾವಿಸಿದರು.

ನೋವು ಜೀವ ಹಿಂಡುತ್ತಿತ್ತು. ಮೂಗಿನ ಮೇಲೆ ನೊಣ ಕೂತಿತ್ತು. ಅಧೀಕ್ಷಕರು ತುಟಿ ಅಲ್ಲಾಡದಂತೆ, "ತೆಗಿಯಮ್ಮಾ... ಬೇಗ ತೆಗಿ" ಎಂದರೆಂದು ಚಾಲಕರ ಹೇಳಿಕೆಯಲ್ಲಿದೆ. ಅಷ್ಟು ದೂರಕ್ಕೆ ಅದು ಹೇಗೆ ಕೇಳಿಸಿತೆಂದು ವಿಚಾರಿಸಲಾಗಿ, "ನಂಗೆ ಕೇಳ್ಸಿಲ್ಲ, ಆದ್ರೆ ಅವ್ರು ಬೇರೆ ಏನ್ ಹೇಳ್ತಾರೆ?" ಎಂದು ಚಾಲಕರು ತಿಳಿಸಿರುತ್ತಾರೆ. ಫೋಟೋ ತೆಗೆದಾಯಿತು. ಛಾಯಾಗ್ರಾಹಕಿಯವರು ಹೆಬ್ಬೆರಳು ಎತ್ತಿ ತೋರಿಸಿಯೂ ಆಯಿತು. ಆದರೂ ಮರಿ ಎದ್ದಿರಲಿಲ್ಲ, ನಿದ್ದೆಹೋಗಿತ್ತು. ಚಾಲಕರು ಮತ್ತೆ ಹೊರಟಾಗ ಈ ಬಾರಿ ತೋರುಬೆರಳೊಂದನ್ನೇ ಎತ್ತಿ ತಡೆದವರು ಅಧೀಕ್ಷಕರೇ. ಉಬ್ಬರದ ನೀರು ಬೂಟಿನೊಳಗೆ ಬಂತು, ಮೊಣಕಾಲಿಗೆ ಬಂತು, ಅವರು ಅಲುಗಲಿಲ್ಲ. ನೀರಿನ ಸದ್ದಿಗೆ ತಾಯಿಹಕ್ಕಿ ಕರೆದು, ಮರಿ ಎದ್ದು, ಒಮ್ಮೆ ಮೈ ಕೊಡವಿ ತನ್ನ ಪಾಡಿಗೆ ತಾನು ಹೋದ ಮೇಲೆ ಅಧೀಕ್ಷಕರು "ಅಯ್ಯಯ್ಯಪ್ಪೋ!" ಎಂದು ಕೂಗಿದ್ದು ಲಾರಿಗಳವರಿಗೂ ಕೇಳಿಸಿತು.

ವಿಷಯ ತಿಳಿದ ಪತ್ನಿಯವರು ಸೊಂಟಕ್ಕೆ ಎಣ್ಣೆ ಹಚ್ಚುತ್ತ, "ಇಷ್ಟ್ ವರ್ಷದಲ್ಲಿ ನಾನು ಹೇಳಿದ್ರೆ ಒಂದ್ ಗಳಿಗೆ ಸುಮ್ನೆ ಇದ್ದೋರಲ್ಲ. ಆ ಹಕ್ಕಿಮರಿಗೆ ಒಂದು ನಮಸ್ಕಾರ ಹೇಳಿ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಎಣ್ಣೆಯ ಘಾಟಿಗೆ ಎಂದು ದಾಖಲಿಸಿಕೊಳ್ಳಲು ಅವರು ಕೋರಿದ್ದಾರೆ, ದಾಖಲಿಸಲಾಗಿದೆ.

೯. ಪ್ರಧಾನ ಕಚೇರಿಯ ಆಕ್ಷೇಪಣೆ: ಫೋಟೋದಲ್ಲಿ ಹಕ್ಕಿ ಇದೆ, ಅಧಿಕಾರಿ ಇದ್ದಾರೆ, ಇಬ್ಬರ ಗುರುತೂ ಸಿಗುತ್ತದೆ. ಆದರೆ ಅಧಿಕಾರಿಯು ಕಚೇರಿಯ ವೇಳೆಯಲ್ಲಿ ಮಲಗಿರುವುದು ಏಕೆಂದು ಪ್ರಧಾನ ಕಚೇರಿ ವಿವರಣೆ ಕೇಳಿತು. ಅಂದು ರಜೆಯಲ್ಲಿದ್ದರೆಂದು ಹೇಳಿದಲ್ಲಿ ಅವರು ಜವಾಬ್ದಾರಿ ಹೊತ್ತ ಅಧಿಕಾರಿ ಆಗುವುದಿಲ್ಲ, ಫೋಟೋ ಅಸಿಂಧು. ಸೊಂಟ ಹಿಡಿದು ಬಿದ್ದಿದ್ದರೆಂದು ಹೇಳಿದಲ್ಲಿ ಆ ವೇಳೆಗೆ ಅವರು ಕರ್ತವ್ಯಕ್ಕೆ ಅಸಮರ್ಥರು. ಆಗಲೂ ಫೋಟೋ ಅಸಿಂಧು. ಸಂಪೂರ್ಣ ಆರೋಗ್ಯದಿಂದ, ಕರ್ತವ್ಯದ ಮೇಲೆ ಇದ್ದು, ನಿದ್ದೆ ಮಾಡುತ್ತಿದ್ದರೆಂದು ಹೇಳಿದಲ್ಲಿ ಮಾತ್ರ ಫೋಟೋ ಸಿಂಧು. ಹಾಗೆ ಹೇಳಿದರೆ ಕರ್ತವ್ಯಲೋಪದ ಷರಾ ಬೀಳುತ್ತದೆ.

ಅಧೀಕ್ಷಕರ ಸೇವಾ ದಾಖಲೆಯಲ್ಲಿ ಇಲ್ಲಿಯವರೆಗೆ ಒಂದು ಕಪ್ಪುಚುಕ್ಕೆಯೂ ಇಲ್ಲ. ನಿವೃತ್ತಿಗೆ ಮೊದಲು ಉಪನಿರ್ದೇಶಕರಾಗುವ ಬಡ್ತಿಯ ಕಡತ ಸಹಿಯೊಂದಕ್ಕೆ ಕಾದು ಕೂತಿದೆ. ಆ ಹುದ್ದೆಯ ಫಲಕ ಹೇಗಿರಬೇಕೆಂದು ಅವರು ಮನಸ್ಸಿನಲ್ಲೇ ಬರೆಸಿಕೊಂಡೂ ಆಗಿತ್ತು. ಇಡೀ ಸೇವಾವಧಿಯಲ್ಲಿ, ಚರಂಡಿ ವಿಭಾಗದ ಊಟದ ನಂತರದ ಸಭೆಗಳಲ್ಲಿ ಸಹ, ಅವರು ಕಣ್ಣು ಮುಚ್ಚಿದವರಲ್ಲ. ಛಾಯಾಗ್ರಾಹಕಿಯವರು, "ಸಾರ್, ನಿದ್ದೆ ಅಂತ ಬರೀಬೇಡಿ. ಬೇರೆ ಫೋಟೋ ತೆಗೆಯೋಣ, ಇನ್ನೊಂದ್ ಸಲ ನೋಡೋಣ" ಎಂದು ಹೇಳಿದರು. ಲಾರಿಗಳ ಎಂಜಿನ್ನು ಆಗಲೇ ಶುರುವಾಗಿರುವ ಸದ್ದು ಕಿಟಕಿಯಿಂದ ಕೇಳುತ್ತಿತ್ತು.

೧೦. ತೀರ್ಮಾನ: ಸಂಬಂಧಪಟ್ಟ ದಿನ ಅಧೀಕ್ಷಕರು ಸಂಪೂರ್ಣ ಆರೋಗ್ಯದಿಂದಿದ್ದರು, ಕರ್ತವ್ಯದ ಮೇಲಿದ್ದರು ಮತ್ತು ಗಾಢವಾಗಿ ನಿದ್ದೆ ಮಾಡುತ್ತಿದ್ದರು ಎಂದು ಅವರು ಲಿಖಿತವಾಗಿ ಒಪ್ಪಿಕೊಂಡಿರುತ್ತಾರೆ. ಗೊರಕೆಯನ್ನೂ ಹೊಡೆಯುತ್ತಿದ್ದರೆಂದು ಸ್ವಂತ ಕೈಬರಹದಲ್ಲಿ ಸೇರಿಸಿರುತ್ತಾರೆ. ಲಾರಿಗಳು ಮಣ್ಣು ಇಳಿಸದೆ ವಾಪಸು ಹೋಗಿವೆ. ಬಡ್ತಿಯ ಕಡತವೂ ವಾಪಸು ಹೋಗಿದೆ.

೧೧. ಪರಿಷ್ಕೃತ ನಿಯಮ: ಇನ್ನು ಮುಂದೆ ಈ ತೀರದಲ್ಲಿ ಹಕ್ಕಿಗಳ ಛಾಯಾಚಿತ್ರ ತೆಗೆಯುವ ಸಿಬ್ಬಂದಿ ಮತ್ತು ಸಾರ್ವಜನಿಕರು ನಿಲ್ಲಕೂಡದು, ತೋರಿಸಕೂಡದು, ಮಾತಾಡಕೂಡದು. ದೂರದಲ್ಲಿ ಮಲಗತಕ್ಕದ್ದು. ಮಲಗಿದ್ದನ್ನು ಕರ್ತವ್ಯವೆಂದೇ ಪರಿಗಣಿಸಲಾಗುವುದು. ಹಕ್ಕಿ ತಾನಾಗಿ ಬಂದರೆ ಫೋಟೋ. ಬರದಿದ್ದರೆ ಅದರ ಇಷ್ಟ, ಅದರ ಮನೆ. ಚಾಲಕರು ಈ ನಿಯಮವನ್ನು ವಾಹನದೊಳಗೆ ಪಾಲಿಸುವಂತಿಲ್ಲ.

ಈ ನಿಯಮಗಳನ್ನು ಮೀರಿದವರು ತೀರದಲ್ಲಿ, ನಡುಬಿಸಿಲಿನಲ್ಲಿ, ಮೂಗಿನ ಮೇಲೆ ನೊಣ ಕೂತಿರುವಾಗ ಅಲುಗದೆ ಮಲಗಿ ತೋರಿಸಿದ ನಂತರವಷ್ಟೇ ತಮ್ಮ ಸಮಜಾಯಿಷಿಯನ್ನು ಸಲ್ಲಿಸಬಹುದಾಗಿದೆ.

(ಸಹಿ)
ಅಧೀಕ್ಷಕರು
ಕಡಲತೀರ ಪಕ್ಷಿ ಶಾಖೆ
(ಕುಳಿತುಕೊಳ್ಳಲು ಇನ್ನೂ ಆಗದ ಕಾರಣ ನಿಂತುಕೊಂಡು ಸಹಿ ಮಾಡಿರುತ್ತಾರೆ)

ಪ್ರತಿಗಳು:
೧. ಪ್ರಧಾನ ಕಚೇರಿಗೆ, ಸೊಂಟದ ಉಲ್ಲೇಖಗಳನ್ನೆಲ್ಲ ಅಳಿಸಿ, ಮಾಹಿತಿಗಾಗಿ, ಹಾಗೂ ವಾಹನಗಳನ್ನು ಬೇರೆಲ್ಲಾದರೂ ನಿಲ್ಲಿಸಿಕೊಳ್ಳುವ ಸಲುವಾಗಿ.
೨. ಚರಂಡಿ ವಿಭಾಗಕ್ಕೆ. ಅಲ್ಲಿ ಹಳೆಯ ನಿಯಮವೇ ಸರಿ, ತಿದ್ದುಪಡಿ ಅನ್ವಯಿಸುವುದಿಲ್ಲ.
೩. ಪಶುವೈದ್ಯರಿಗೆ. ಅಂದು ಕರೆದದ್ದು ಹಕ್ಕಿಗೆ. ತಡವಾಗಿ ಬಂದು ಅಧೀಕ್ಷಕರ ಸೊಂಟ ನೋಡಿದ್ದನ್ನು ಮರೆಯುವುದು.
೪. ಅಧೀಕ್ಷಕರ ಪತ್ನಿಯವರಿಗೆ, ಎಣ್ಣೆಯ ಬಾಟಲಿಯ ಸಮೇತ, ಅಗತ್ಯ ಕ್ರಮಕ್ಕಾಗಿ.
೫. ಚಾಲಕರಿಗೆ. ಎಲ್ಲರಿಗೂ ಹೇಳುವುದು ಹೇಗೂ ತಪ್ಪಿದ್ದಲ್ಲ, ಆದ್ದರಿಂದ ಸರಿಯಾಗಿ ಹೇಳುವುದು.
೬. ಛಾಯಾಗ್ರಾಹಕಿಯವರಿಗೆ. ಸದರಿ ಫೋಟೋವನ್ನು ದೊಡ್ಡದು ಮಾಡಿಸಿ ಕಚೇರಿಯ ಗೋಡೆಗೆ ಹಾಕುವುದು. ಚೌಕಟ್ಟಿನಲ್ಲಿ ಜಾಗ ಸಾಲದಿದ್ದರೆ ಅಧೀಕ್ಷಕರನ್ನು ಕತ್ತರಿಸುವುದು, ಮರಿಯನ್ನು ಕತ್ತರಿಸಕೂಡದು.